ಮಗಳಿಗೆ ಹಲ್ಲಿ ಬೇಕಂತೆ, ಯಾವುದು ತರೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ 11 ವರ್ಷದ ಮಗಳು ಹಲ್ಲಿ ಸಾಕಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಡಿಯಲ್ಲಿ ಅಂಗೈ ಮೇಲೆ ಕೂತ ಹಸಿರು ಇಗ್ವಾನಾ ಮರಿಗೆ ಮನಸೋತಿದ್ದಾಳೆ. ಅದನ್ನೇ ತರಬಹುದಾ? ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ (ಪಶುವೈದ್ಯ): ಇಗ್ವಾನಾ ಬೇಡವೇ ಬೇಡಮ್ಮ. ಇವತ್ತು ಅಂಗೈಯಲ್ಲಿ ಕೂರೋ ಮರಿ ಬೆಳೆದು ಬಾಲ ಸೇರಿ ಒಂದೂವರೆ ಮೀಟರ್ ಆಗುತ್ತೆ. ಆ ಬಾಲದಲ್ಲಿ ಬಾರಿಸಿದರೆ ಬರೆ ಏಳುತ್ತೆ.

ಮೊದಲ ಸಲ ಸಾಕೋರಿಗೆ ಲೆಪರ್ಡ್ ಗೆಕ್ಕೊ ಅನ್ನೋ ಚುಕ್ಕೆ ಹಲ್ಲಿ ಸರಿ. ಹೆಚ್ಚೆಂದರೆ 25 ಸೆಂ.ಮೀ., ಸ್ವಭಾವ ಸಾಧು. ಆದರೆ 15–20 ವರ್ಷ ಬದುಕುತ್ತೆ, ತಿನ್ನೋದು ಜೀವಂತ ಹುಳ. ಮಗಳು ಕಾಲೇಜಿಗೆ ಹೋದಮೇಲೆ ಹುಳ ಹಾಕೋರು ನೀವೇ, ಈಗಲೇ ಯೋಚಿಸಿ.

ಕೊಳ್ಳುವಾಗ ಮೊದಲು ಬಾಲ ನೋಡಿ. ಗೆಕ್ಕೊ ಕೊಬ್ಬು ಕೂಡಿಡೋದು ಅಲ್ಲೇ. ಬಾಲ ಕಡ್ಡಿಯಂತಿದ್ದು ಸೊಂಟದ ಮೂಳೆ ಎದ್ದು ಕಾಣ್ತಿದ್ದರೆ ಬಿಟ್ಟು ಬನ್ನಿ. ಆಮೇಲೆ ಕಾಲ್ಬೆರಳು. ಕೆಲವಕ್ಕೆ ಹಳೇ ಪೊರೆ ದಾರದಂತೆ ಸುತ್ತಿಕೊಂಡು ರಕ್ತ ಓಡದೆ ಬೆರಳುಗಳೇ ಉದುರಿರುತ್ತವೆ. ಕಣ್ಣು ಪೂರ್ತಿ ತೆರೆದಿರಬೇಕು, ಬಾಯಲ್ಲಿ ನೊರೆ ಇರಬಾರದು, ಹಿಂಭಾಗ ಒಣಗಿ ಚೊಕ್ಕಟವಾಗಿರಬೇಕು. ನಿಮ್ಮೆದುರೇ ಒಂದು ಹುಳ ಹಾಕಿಸಿ. ಕಾಡಿಂದ ಹಿಡಿದು ತಂದದ್ದು ಬೇಡ, ಹೊಟ್ಟೆ ತುಂಬಾ ಜಂತು ಇರುತ್ತೆ. ಸಾಕಿದ ಜೋಡಿಗೇ ಹುಟ್ಟಿದ ಮರಿ ಕೇಳಿ. ನೀವಿರುವ ಕಡೆ ಯಾವುದನ್ನು ಸಾಕಲು ಕಾನೂನಿನ ಒಪ್ಪಿಗೆ ಇದೆ ಅಂತಲೂ ಮೊದಲೇ ವಿಚಾರಿಸಿ.

ಇನ್ನೊಬ್ಬ ಸದಸ್ಯರು: ಸರ್, ನಾವು ಬಿಯರ್ಡೆಡ್ ಡ್ರ್ಯಾಗನ್ ಅನ್ನೋ ಹಲ್ಲಿ ತರೋಣ ಅಂತಿದ್ದೀವಿ. ಅದಕ್ಕೆ ಬೇಕಾದ ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ಅತಿನೇರಳೆ ಕಿರಣ) ದೀಪ ದುಬಾರಿ. ಕಿಟಕಿ ಪಕ್ಕ ಇಟ್ಟರೆ ಬಿಸಿಲು ಸಾಕಾಗಲ್ವಾ?

ಉತ್ತರ: ಸಾಲಲ್ಲ. ಕಿಟಕಿ ಗಾಜು ಬೆಳಕು, ಶಾಖ ಬಿಡುತ್ತೆ; ಯುವಿಬಿಯನ್ನು ತಡೆದುಬಿಡುತ್ತೆ. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ ಆಗಲ್ಲ, ಅದಾಗದೆ ಕ್ಯಾಲ್ಸಿಯಂ ಹಿಡಿಯಲ್ಲ. ಹಾಗೇ ಕಿಟಕಿ ಪಕ್ಕ ಸಾಕಿದ್ದ ಒಂದನ್ನು ನನ್ನ ಹತ್ತಿರ ತಂದಿದ್ದರು. ಕೆಳದವಡೆ ಮುಟ್ಟಿದರೆ ರಬ್ಬರಿನ ಹಾಗೆ ಬಾಗ್ತಿತ್ತು. ಹುಳ ಕಚ್ಚೋ ಆಸೆ ಇತ್ತು, ಕಚ್ಚೋಕೆ ಆಗ್ತಿರಲಿಲ್ಲ. ಉಳಿಯಿತು, ಆದರೆ ದವಡೆಯ ಸೊಟ್ಟ ಹೋಗಲಿಲ್ಲ. ದೀಪಕ್ಕೆ ದುಡ್ಡಿಲ್ಲದಿದ್ದರೆ ಡ್ರ್ಯಾಗನ್ ಬೇಡ. ದೀಪ ಉರೀತಿದ್ದರೂ ಯುವಿಬಿ ಕಾಲಕ್ರಮೇಣ ಕಡಿಮೆಯಾಗುತ್ತೆ, ತಯಾರಕರು ಹೇಳಿದ ಅವಧಿಗೆ ಬದಲಾಯಿಸಲೇಬೇಕು.

ಮೊದಲು ಕೇಳಿದವರು: ಬಾಲ ಕಳಚಿ ಮತ್ತೆ ಬೆಳೆದ ಗೆಕ್ಕೊ ಒಂದನ್ನು ಅರ್ಧ ಬೆಲೆಗೆ ಕೊಡ್ತಾರಂತೆ. ತಗೋಬಹುದಾ? ಜೊತೆಗಿರಲಿ ಅಂತ ಎರಡು ತರೋಣವಾ?

ಉತ್ತರ: ಗಾಯ ಪೂರ್ತಿ ಮಾಗಿ, ಚೆನ್ನಾಗಿ ತಿಂತಿದ್ದರೆ ಧಾರಾಳವಾಗಿ ತಗೊಳ್ಳಿ. ಹೊಸ ಬಾಲ ಮೂಲಂಗಿ ಗಡ್ಡೆಯಂತೆ ಮೊಂಡಾಗಿರುತ್ತೆ, ಅಷ್ಟೇ. ಎರಡು ಬೇಡ. ಅದಕ್ಕೆ ಜೊತೆ ಬೇಕಿಲ್ಲ, ಗಂಡುಗಳಾದರಂತೂ ಕಚ್ಚಾಡಿ ಸಾಯ್ತವೆ.

ಗಾಜಿನ ತೊಟ್ಟಿ ಮೊದಲು ತನ್ನಿ. ಒಂದು ಕಡೆ 32 ಡಿಗ್ರಿ, ಇನ್ನೊಂದು ಕಡೆ ತಂಪು ನಿಲ್ಲುತ್ತಾ ಅಂತ ನಾಲ್ಕು ದಿನ ಥರ್ಮಾಮೀಟರ್ ಇಟ್ಟು ನೋಡಿ, ಆಮೇಲೆ ಹಲ್ಲಿ. ತಳಕ್ಕೆ ಮರಳು ಹಾಕಬೇಡಿ, ನುಂಗಿದರೆ ಕರುಳು ಕಟ್ಟುತ್ತೆ. ಮೊದಲ ವಾರ ಮುಟ್ಟೋದು ಬೇಡ, ಮಗಳಿಗೆ ಕಷ್ಟ ಆದರೂ ಸರಿ. ಆಮೇಲೆ ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೀಲಿ, ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ರೋಗಾಣು ಅಂಟಬಹುದು. ಮೊದಲ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ವೈದ್ಯರ ಹತ್ತಿರ ಹೋಗಿ, ಜಂತು ಇದೆಯಾ ಅಂತ ನೋಡ್ತಾರೆ.