ಪ್ಲೈಯೋ (ಪ್ಲೈಯೋಮೆಟ್ರಿಕ್ಸ್, ಅಂದ್ರೆ ಹಾರಿ ಇಳಿದು ಪುಟಿಯೋ ವ್ಯಾಯಾಮ) ಮಾಡಿ ನಿಜವಾಗ್ಲೂ ಜಂಪ್ ಹೆಚ್ಚಾದವರು ಇದ್ದೀರಾ?

ಪ್ರಶ್ನೆ: ಕಾಲೇಜ್ ವಾಲಿಬಾಲ್ ಟೀಮಲ್ಲಿ ಅಟ್ಯಾಕರ್ ನಾನು, 19 ವರ್ಷ. ಹೈಟ್ ಕಮ್ಮಿ ಇದೆ ಅಂತ ವಿಡಿಯೋ ನೋಡ್ಕೊಂಡು ದಿನಾ 200 ಬಾಕ್ಸ್ ಜಂಪ್ ಹೊಡೀತಿದ್ದೀನಿ, ಮೂರು ವಾರ ಆಯ್ತು, ಜಂಪ್ ಜಾಸ್ತಿ ಆಗೋದಿರ್ಲಿ, ಮೊದಲು ಬ್ಲಾಕರ್ ಮೇಲಿಂದ ಹೋಗ್ತಿದ್ದ ಬಾಲೂ ಈಗ ನೆಟ್ಟಿಗೆ ಬೀಳ್ತಿದೆ. ಮೊಣಕಾಲು ಚಿಪ್ಪಿನ ಕೆಳಗೆ ಒತ್ತಿದ್ರೆ ನೋವು. ಐದು ವಾರಕ್ಕೆ ಟೂರ್ನಮೆಂಟ್ ಇದೆ, ಮಾಡಿ ನೋಡಿದವರು ಹೇಳಿ ಪ್ಲೀಸ್.

ಹಳೇ ಅಟ್ಯಾಕರ್: ಗುರು ಮೊದ್ಲು ಆ 200 ನಿಲ್ಸು. ನಾನೂ ಇದೇ ಮಾಡಿ ಹಾಳಾದವನು. ಹಾಸ್ಟೆಲ್ ಹಿಂದೆ ಸಿಮೆಂಟ್ ಕಟ್ಟೆ ಇತ್ತು, ಬೆಳಗ್ಗೆ ಸಂಜೆ ಅದಕ್ಕೆ ಹಾರಿ ಇಳಿದು ಹಾರಿ ಇಳಿದು ಎಂಟು ತಿಂಗಳು ನೋವು ತಿಂದೆ, ಅಣ್ಣನ ಮದುವೇಲಿ ನೆಲದ ಪಂಕ್ತಿಗೆ ಕೂತವನು ಗೋಡೆ ಹಿಡ್ಕೊಂಡು ಎದ್ದೆ. ಪ್ಲೈಯೋ ಅಂದ್ರೆ ಬೆವರು ಸುರಿಸೋದಲ್ಲ, ಸುಸ್ತಾದ ಮೇಲೆ ಹಾರಿದ್ರೆ ಕಾಲು ನಿಧಾನಕ್ಕೆ ಹಾರೋದನ್ನೇ ಕಲಿಯುತ್ತೆ ಅಷ್ಟೇ. ಆಮೇಲೆ ವಾರಕ್ಕೆ ಎರಡೇ ದಿನ ಮಾಡ್ದೆ, ಮಧ್ಯೆ ಎರಡು ದಿನ ಗ್ಯಾಪ್, ವಾರ್ಮಪ್ ಆಗಿ ಮೈ ಫ್ರೆಶ್ ಇರೋವಾಗ ಮಾತ್ರ. ಐದು ಹಾರು, ಎರಡು ನಿಮಿಷ ಸುಮ್ನೆ ನಿಲ್ಲು, ಮತ್ತೆ ಐದು. ಹೊಸಬರಿಗೆ ಒಂದು ಸೆಷನ್‌ಗೆ 80ರಿಂದ 100 ಲ್ಯಾಂಡಿಂಗ್ ಸಾಕು. ಪ್ರಾಕ್ಟೀಸಲ್ಲಿ ಹೊಡೆಯೋ ಸ್ಪೈಕು ಬ್ಲಾಕೂ ಲೆಕ್ಕಕ್ಕೆ ತಗೋ, ಅದನ್ನ ಯಾರೂ ಎಣಿಸಲ್ಲ.

ಕಬಡ್ಡಿ ಮೇಷ್ಟ್ರು, ಧಾರವಾಡ ಕಡೆ: ನಮ್ಮ ಹುಡುಗೂರಿಗೆ ಮೊದಲ ಎರಡು ವಾರ ಹಾರಾಕ ಬಿಡೂದಿಲ್ಲ ನಾನು, ಇಳಿಯೂದು ಅಷ್ಟ ಕಲಸ್ತೀನಿ. ಮೊಣಕಾಲಿಗಿಂತ ಗಿಡ್ಡ ಕಟ್ಟಿ ಮ್ಯಾಲಿಂದ ಇಳದು ಮೂರು ಎಣಸೂತನಕ ಅಲುಗಾಡಬಾರದು. ಧಪ್ ಅಂತ ಸಪ್ಪಳ ಬಂತಂದ್ರ ತಪ್ಪು, ಬೆಕ್ಕು ಇಳದಂಗ ಇರಬೇಕು. ಹುಡುಗ್ಯಾರದು ಮುಖ್ಯವಾಗಿ ಮೊಣಕಾಲು ಒಳಗ ವಾಲ್ತಾವ ನೋಡ್ರಿ, ಮೊಣಕಾಲ ಒಳಗಿನ ಎಸಿಎಲ್ ಅನ್ನೂ ಅಸ್ಥಿರಜ್ಜು ಹರಿಯೂದು ಹಂಗ. ರೇಡರ್‌ಗೆ ಬರೇ ಮ್ಯಾಲೆ ಹಾರಿದ್ರ ಉಪಯೋಗ ಇಲ್ಲ, ಗೆರಿ ಆ ಕಡೆ ಈ ಕಡೆ ಒಂಟಿಗಾಲಿಲೆ ಕುಪ್ಪಳಿಸಬೇಕು. ನೀವು ವಾಲಿಬಾಲ್‌ನವರು, ಮ್ಯಾಲೇ ಹಾರ್ರಿ, ಓಡಿ ಬಂದು ಹಾರೂದು ಸೇರಸ್ರಿ.

ಫಿಸಿಯೋ: ಬಾಕ್ಸ್ ಎತ್ತರ ನೋಡಿ ಮೋಸ ಹೋಗ್ಬೇಡಿ, ಮೊಣಕಾಲು ಎದೆಗೆ ಮಡಚಿದ್ರೆ ಸುಮಾರು ಜನ ಎತ್ತರದ ಬಾಕ್ಸ್ ಹತ್ತುತ್ತಾರೆ. ಬೆರಳಿಗೆ ಸೀಮೆಸುಣ್ಣ ಹಚ್ಕೊಂಡು ಗೋಡೆ ಪಕ್ಕ ನಿಂತು ಕೈ ಚಾಚಿ ಒಂದು ಗುರುತು, ಹಾರಿ ಇನ್ನೊಂದು, ನಡುವಿನ ಅಂತರನೇ ನಿಮ್ಮ ಜಂಪು. ಕಾಲು ನೆಲಕ್ಕೆ ತಾಗಿದಾಗ ಸ್ನಾಯುನ ಮೂಳೆಗೆ ಕಟ್ಟೋ ಸ್ನಾಯುರಜ್ಜು ರಬ್ಬರ್ ಬ್ಯಾಂಡ್ ತರ ಎಳೆದುಕೊಳ್ಳುತ್ತೆ, ತಕ್ಷಣ ಪುಟಿದ್ರೆ ಆ ಶಕ್ತಿ ವಾಪಸ್ ಸಿಗುತ್ತೆ, ಕಾಲು ಸೆಕೆಂಡಿಗಿಂತ ಜಾಸ್ತಿ ನೆಲದ ಮೇಲೆ ಕೂತ್ರೆ ಅದ್ರಲ್ಲಿ ಸುಮಾರು ಬಿಸಿಯಾಗಿ ಕಳೆದುಹೋಗುತ್ತೆ. ಅದಕ್ಕೇ ಮೊದಲು ಸ್ಕಿಪ್ಪಿಂಗ್, ಹಿಮ್ಮಡಿ ತಾಗಿಸದೆ ಪುಟಿಯೋದು. ಎತ್ತರದಿಂದ ಬಿದ್ದು ಹಾರೋ ಡೆಪ್ತ್ ಜಂಪ್ ಈಗಲೇ ಬೇಡ, 1960ರ ದಶಕದಲ್ಲಿ ಸೋವಿಯತ್ ಕೋಚ್ ಯೂರಿ ವೆರ್ಖೊಶಾನ್ಸ್ಕಿ ಅದನ್ನ ಬೆಳೆಸಿದ್ದು ಪಳಗಿದ ಅಥ್ಲೀಟ್‌ಗಳ ಜೊತೆ. ನಿಮ್ಮ ನೋವು ‘ಜಂಪರ್ಸ್ ನೀ’ (ಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ನೋವು) ತರ ಕೇಳಿಸ್ತಿದೆ, ಯಾರಿಗಾದ್ರೂ ತೋರಿಸ್ಲೇಬೇಕು. ಅಲ್ಲೀವರೆಗೆ ಹಾರೋದು ಬಿಟ್ಟು ಗೋಡೆಗೆ ಬೆನ್ನಿಟ್ಟು ಕುರ್ಚಿ ತರ ಕೂರಿ, 45 ಸೆಕೆಂಡ್, ಐದು ಸಲ, ನೋವು ಜಾಸ್ತಿ ಆದ್ರೆ ಅದೂ ಬೇಡ.

ಹಳೇ ಅಟ್ಯಾಕರ್: ಮೈತೂಕದ ಒಂದೂವರೆ ಪಟ್ಟು ಭಾರ ಹೊತ್ತು ಸ್ಕ್ವಾಟ್ (ಬಸ್ಕಿ) ಹೊಡೆಯೋ ತನಕ ಪ್ಲೈಯೋ ಮುಟ್ಟಬೇಡ ಅಂತ ಜಿಮ್ಮಲ್ಲಿ ಹೆದರಿಸ್ತಾರೆ, ಡೆಪ್ತ್ ಜಂಪಿಗಾದ್ರೆ ಆ ಎಚ್ಚರ ಸರಿ, ಕುಂಟೆಬಿಲ್ಲೆ ಆಡೋ ಮಕ್ಕಳು ಯಾವ ಸ್ಕ್ವಾಟ್ ಹೊಡೆದಿರ್ತಾರೆ ಹೇಳಿ.

ಪ್ರಶ್ನೆ ಕೇಳಿದವನು: ಎಲ್ರಿಗೂ ಥ್ಯಾಂಕ್ಸ್. ಸೀಮೆಸುಣ್ಣದ್ದು ಮಾಡ್ದೆ. 200 ಹೊಡೆದ ಮರುದಿನ 44 ಸೆಂಟಿಮೀಟರ್, ನಾಲ್ಕು ದಿನ ಏನೂ ಮಾಡದೆ ಇದ್ದು ನೋಡಿದ್ರೆ 49! ಮೂರು ವಾರ ಸುಸ್ತನ್ನೇ ಟ್ರೈನ್ ಮಾಡಿದ್ದೀನಿ. ಫಿಸಿಯೋ ಅಪಾಯಿಂಟ್‌ಮೆಂಟ್ ಸೋಮವಾರ ಸಿಕ್ಕಿದೆ. ನೋವು ಹೋದ ಮೇಲೆ ಮರಳಲ್ಲಿ ಶುರು ಮಾಡಬಹುದಾ?

ಫಿಸಿಯೋ: ಮಾಡಬಹುದು. ಮರಳು ಪೆಟ್ಟು ಕಮ್ಮಿ ಮಾಡುತ್ತೆ, ಆದ್ರೆ ಪುಟಿಯೋದನ್ನೂ ನುಂಗುತ್ತೆ, ಒಂದು ವಾರ ಅಲ್ಲಿ ಮಾಡಿ ಮಣ್ಣಿನ ಕೋರ್ಟಿಗೆ ಬನ್ನಿ. ಟೂರ್ನಮೆಂಟ್ ವಾರ ಮಾತ್ರ ಜಂಪ್ ಸೆಷನ್ ಬೇಡವೇ ಬೇಡ.