ಒಂದು ಅಕ್ಷರ ತಪ್ಪಿದ್ದಕ್ಕೆ ತಂಗಿ ಕಾಲೇಜು ಬಿಡುತ್ತೇನೆ ಎನ್ನುತ್ತಿದ್ದಾಳೆ

ಬದಿಯಡ್ಕದ ಅಕ್ಕ:
ತಂಗಿ ಹನ್ನೆರಡನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಬಿ.ಕಾಂ.ಗೆ ಸೇರಿದ್ದಾಳೆ. ತರಗತಿಯಲ್ಲಿ ಮಲಯಾಳದಲ್ಲಿ ನಾಲ್ಕು ಮಾತು ಆಡಬೇಕಾಗಿ ಬಂದಾಗ, ದಾರಿ ಎಂಬರ್ಥದ ‘ವೞಿ’ ಎನ್ನಲು ಹೋಗಿ ‘ವಳಿ’ ಎಂದಳು. ಮಲಯಾಳದಲ್ಲಿ ಅದು ಹೂಸು. ಯಾರೋ ವಿಡಿಯೊ ಮಾಡಿ, ಆ ಪದವೊಂದನ್ನೇ ಮತ್ತೆ ಮತ್ತೆ ಬರುವಂತೆ ಜೋಡಿಸಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಈಗ ಅವಳ ಮುಖದ ಸ್ಟಿಕ್ಕರ್ ಕೂಡ ಇದೆ. ಪರೀಕ್ಷೆಯ ತಾರೀಕು ಕೇಳಿದರೂ ಉತ್ತರವಾಗಿ ಅದೇ ಬರುತ್ತದೆ.

ಮನೆಗೆ ಬಂದ ಕೂಡಲೇ ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಕವುಚಿ ಇಡುತ್ತಾಳೆ. ಅದು ಸದ್ದು ಮಾಡಿದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ. ಬಸ್ಸಿನಲ್ಲಿ ಪಾಸು ತೋರಿಸುತ್ತಾಳೆ, ಊರಿನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೊಬೈಲೇ ಬೇಡ, ಕೊಡು ಇಲ್ಲಿ ಎನ್ನುತ್ತಾರೆ ಅಪ್ಪ. ಪಾಠದ ಟಿಪ್ಪಣಿ ಬರುವುದೂ ಅದರಲ್ಲೇ. ಕಿತ್ತುಕೊಂಡರೆ ಶಿಕ್ಷೆ ಯಾರಿಗಾಯಿತು?

ಕಾಸರಗೋಡಿನ ವಕೀಲ:
ಕಿತ್ತುಕೊಳ್ಳಬೇಡಿ, ಸಾಕ್ಷ್ಯವೆಲ್ಲ ಅದರಲ್ಲೇ ಇದೆ. ಏನನ್ನೂ ಅಳಿಸದೆ, ಕಳುಹಿಸಿದವರ ನಂಬರು, ತಾರೀಕು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ತಮಾಷೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಭಾಷೆಯ ಕಾರಣಕ್ಕೆ ಹಿಂಸಿಸುವುದೂ ರ‍್ಯಾಗಿಂಗ್ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನ ನಿಯಮಗಳ 2016ರ ತಿದ್ದುಪಡಿಯಲ್ಲಿ ಸೇರಿಸಿದೆ. ಕೇರಳದ 1998ರ ರ‍್ಯಾಗಿಂಗ್ ನಿಷೇಧ ಕಾಯ್ದೆಯಂತೆ, ಲಿಖಿತ ದೂರು ಬಂದ 7 ದಿನದೊಳಗೆ ಪ್ರಾಂಶುಪಾಲರು ವಿಚಾರಣೆ ನಡೆಸಬೇಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದು ಕೊಟ್ಟು, ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ನಿವೃತ್ತ ಕನ್ನಡ ಅಧ್ಯಾಪಕ:
ನಿಮ್ಮ ತಂಗಿಗೆ ಇದನ್ನು ಓದಿ ಹೇಳಿ. ಮಗಳೇ, ಆ ಅಕ್ಷರ ಹಳಗನ್ನಡದಲ್ಲಿಯೂ ಇತ್ತು. ಅವರ ‘ವೞಿ’ ನಮ್ಮಲ್ಲಿ ‘ಬೞಿ’. ಕಾಲ ಸರಿದಂತೆ ೞ ಅಳಿದು ‘ಬಳಿ’ ಉಳಿಯಿತು. ನಿನ್ನ ನಾಲಿಗೆ ಮಾಡಿದ್ದು ಕನ್ನಡ ಎಂದೋ ಮಾಡಿದ್ದನ್ನೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎರಡನೆಯ ವರ್ಷದ ವಿದ್ಯಾರ್ಥಿನಿ:
ಅಕ್ಕಾ, ನನ್ನದೂ ಹೀಗೇ ಆಗಿತ್ತು. ವಿಡಿಯೊ ಮಾಡಿದವನಿಗಿಂತ ಹೆಚ್ಚು ನೋಯಿಸಿದ್ದು, ದಿನವೂ ಜೊತೆಗೆ ಬುತ್ತಿ ಬಿಚ್ಚುತ್ತಿದ್ದ ಗೆಳತಿ ಅದಕ್ಕೆ ನಗುವ ಚಿಹ್ನೆ ಒತ್ತಿದ್ದು. ನಿಮ್ಮ ತಂಗಿಗೂ ಅಂಥವರು ಯಾರಾದರೂ ಇದ್ದಾರೆಯೇ ಎಂದು ಮೆಲ್ಲನೆ ಕೇಳಿ. ರಾತ್ರಿ ನಿದ್ದೆ ಬರದಿದ್ದರೆ 14416ಕ್ಕೆ ಕರೆ ಮಾಡಲಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿಯೂ ಮಾತನಾಡುತ್ತಾರೆ. ನಾನು ಮಾಡಿದ್ದೆ.

ಬದಿಯಡ್ಕದ ಅಕ್ಕ:
ಅಧ್ಯಾಪಕರ ಮಾತನ್ನು ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ದೂರನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಿದಳು.

ಕಾಸರಗೋಡಿನ ವಕೀಲ:
ಬರೆಯಲಿ. ಜೊತೆಗೆ ಇಡಲು ಮಲಯಾಳ ಅನುವಾದವನ್ನು ನಾನು ಮಾಡಿಕೊಡುತ್ತೇನೆ.