ಎಆರ್-15ಗೆ ತೋಟಾ ರೀಲೋಡ್ ಮಾಡುವುದು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಜಯನಗರದಿಂದ): ನಮಸ್ಕಾರ ಸರ್. ನನಗೂ ನನ್ನ ಹೆಂಡತಿಗೂ ಗ್ರೀನ್ ಕಾರ್ಡ್ ಆಗಿದೆ, ಜನವರಿಯಲ್ಲಿ ಡಲ್ಲಾಸ್‌ಗೆ ಹೊರಡುತ್ತಿದ್ದೇವೆ. ಅಲ್ಲಿರುವ ನಮ್ಮ ಭಾವನ ಹತ್ತಿರ .223 ರೆಮಿಂಗ್ಟನ್ ತೋಟಾ ಹೊಡೆಯುವ ಎಆರ್-15 ರೈಫಲ್ ಇದೆ. ಖಾಲಿ ಹಿತ್ತಾಳೆ ಕೇಸ್‌ಗಳನ್ನು ಎರಡು ಬಕೆಟ್ ತುಂಬ ಕೂಡಿಟ್ಟಿದ್ದಾರೆ. "ನೀನು ಬಾ, ಇಬ್ಬರೂ ಸೇರಿ ರೀಲೋಡಿಂಗ್ ಕಲಿಯೋಣ" ಅನ್ನುತ್ತಾರೆ, ಅಂದರೆ ಆ ಖಾಲಿ ಕೇಸ್‌ಗಳನ್ನೇ ಮತ್ತೆ ತುಂಬಿ ತೋಟಾ ಮಾಡುವುದು. ನನಗೆ ಇದರ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಮಾತು, ಹೊರಡುವವರೆಗೆ ಬೆಂಗಳೂರಿನಲ್ಲೇ ಒಂದು ಸಣ್ಣ ಪ್ರೆಸ್ (ಕೇಸ್ ಒತ್ತುವ ಕೈಯಂತ್ರ) ತರಿಸಿಕೊಂಡು ಕೈ ಪಳಗಿಸಿಕೊಳ್ಳಬಹುದಾ? ಮದ್ದು ಮುಟ್ಟುವುದಿಲ್ಲ, ಖಾಲಿ ಕೇಸ್ ಮಾತ್ರ.

ಉತ್ತರ (ಅರಿಜೋನಾದಲ್ಲಿ 14 ವರ್ಷ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದೆ, ಈಗ ಬಸವನಗುಡಿ): ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಮದ್ದು ಮುಟ್ಟದಿದ್ದರೂ ಬೇಡ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತೋಟಾ ಅಂದರೆ ತುಂಬಿದ ತೋಟಾ ಒಂದೇ ಅಲ್ಲ. ಅದರ ಬಿಡಿಭಾಗ, ಅದನ್ನು ತಯಾರಿಸುವ ಯಂತ್ರ, ಇವೂ ಆ ಪದದೊಳಗೇ ಬರುತ್ತವೆ. ಅಂದರೆ ನಿಮ್ಮ "ಸಣ್ಣ ಪ್ರೆಸ್" ಕೂಡ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕಡಿಮೆ ಅಂದರೂ 7 ವರ್ಷ ಜೈಲು, ಜಾಸ್ತಿ ಅಂದರೆ ಜೀವಾವಧಿ. ಜಯನಗರದ ಮನೆಯ ಟೆರೇಸ್ ಮೇಲೆ ಮಾಡುವ ಹವ್ಯಾಸ ಇದಲ್ಲ.

ಈಗ ಡಲ್ಲಾಸ್ ವಿಷಯ. ಸ್ವಂತ ಬಳಕೆಗೆ ರೀಲೋಡ್ ಮಾಡಲು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಲೈಸೆನ್ಸ್ ಬೇಕಿಲ್ಲ. ಮಾರುವ ವ್ಯಾಪಾರ ಶುರು ಮಾಡಿದರೆ ಬೇಕು.

ತೋಟಾದಲ್ಲಿ ಇರುವುದು ನಾಲ್ಕೇ ವಸ್ತು. ಹಿತ್ತಾಳೆ ಕೇಸ್, ಪ್ರೈಮರ್ (ಬಡಿದಾಗ ಸಿಡಿದು ಮದ್ದಿಗೆ ಕಿಡಿ ಹಚ್ಚುವುದು, ನಮ್ಮ ಮಲೆನಾಡಿನವರ ಬಾಯಲ್ಲಿ ಕೇಪು), ಮದ್ದು, ಗುಂಡು. ಹೊಡೆದಾಗ ಕೇಸ್ ಒಂದೇ ಉಳಿಯುತ್ತದೆ, ಆದರೆ ಉಬ್ಬಿರುತ್ತದೆ, ಉದ್ದವೂ ಸ್ವಲ್ಪ ಬೆಳೆದಿರುತ್ತದೆ. ಅದನ್ನು ಮತ್ತೆ ಅಳತೆಗೆ ತರುವುದೇ ಕೆಲಸದ ಮುಕ್ಕಾಲು ಪಾಲು. ಹೊಸಬರು ಮದ್ದಿನ ಬಗ್ಗೆಯೇ ಕೇಳುತ್ತಾರೆ. ನನ್ನ ಅಂಗಡಿಗೆ ಬಂದ ತೊಂದರೆಗಳಲ್ಲಿ ಹೆಚ್ಚಿನವು ಕೇಸ್‌ನವು.

ಕೈಯಿಂದ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಎಳೆಯುವ ರೈಫಲ್‌ನಲ್ಲಿ ಕೇಸ್ ಸ್ವಲ್ಪ ಬಿಗಿಯಾದರೆ ನಿಮ್ಮ ಕೈಗೇ ಗೊತ್ತಾಗುತ್ತದೆ, ನಿಲ್ಲಿಸುತ್ತೀರಿ. ಎಆರ್-15ರಂಥ ಸೆಮಿ ಆಟೋಮ್ಯಾಟಿಕ್‌ಗೆ (ಮುಂದಿನ ತೋಟಾವನ್ನು ತಾನೇ ಹಾಕಿಕೊಳ್ಳುವ ರೈಫಲ್) ಆ ಕೈ ಇಲ್ಲ. ಸ್ಪ್ರಿಂಗ್ ಬಲಕ್ಕೆ ಬೋಲ್ಟ್ ಧಡ್ ಅಂತ ಬಂದು ಮುಚ್ಚಿಕೊಳ್ಳುತ್ತದೆ. ಒಬ್ಬರು ಕೇಸ್‌ನ ಕತ್ತನ್ನು ಮಾತ್ರ ಸರಿ ಮಾಡಿ, ಹೊಟ್ಟೆ ಭಾಗವನ್ನು ಹಾಗೇ ಬಿಟ್ಟು ತುಂಬಿದ್ದರು. ರೈಫಲ್ ಅಂಗಡಿಗೆ ಬಂದಾಗ ತುಂಬಿದ ತೋಟಾ ಅರ್ಧ ಒಳಗೆ, ಬೋಲ್ಟ್ ಹಿಂದೂ ಇಲ್ಲ ಮುಂದೂ ಇಲ್ಲ. ಅದನ್ನು ಕಾರಿನಲ್ಲಿಟ್ಟುಕೊಂಡು 40 ಮೈಲಿ ಬಂದಿದ್ದರು ಪುಣ್ಯಾತ್ಮ! ಆದ್ದರಿಂದ ನೀವು ಫುಲ್ ಲೆಂಗ್ತ್ ಡೈನಲ್ಲೇ (ಇಡೀ ಕೇಸನ್ನು ಅಳತೆಗೆ ತರುವ ಅಚ್ಚು) ಕೇಸ್ ಒತ್ತಬೇಕು. ಒತ್ತುವ ಮೊದಲು ಕೇಸ್‌ಗೆ ಲೂಬ್ (ಜಾರುವಂತೆ ಮಾಡುವ ಜಿಡ್ಡು) ಸವರಿ, ಇಲ್ಲದಿದ್ದರೆ ಡೈನಲ್ಲೇ ಕಚ್ಚಿಕೊಳ್ಳುತ್ತದೆ. ಮೊದಲ ವಾರದಲ್ಲಿ ಎಲ್ಲರಿಗೂ ಒಂದು ಸಲ ಆಗುತ್ತದೆ, ನನಗೂ ಆಗಿದೆ. ನಂತರ ಪ್ರತಿ ಕೇಸನ್ನೂ ಕೇಸ್ ಗೇಜ್‌ಗೆ (ಅಳತೆ ಸರಿಯಿದೆಯೇ ತೋರಿಸುವ ಗೂಡು) ಇಳಿಸಿ ನೋಡಿ.

.223 ಕೇಸ್‌ನ ಉದ್ದ 1.760 ಇಂಚು ದಾಟಬಾರದು. ದಾಟಿದರೆ 1.750ಕ್ಕೆ ಕತ್ತರಿಸಿ. ಉದ್ದ ಜಾಸ್ತಿಯಾದರೆ ಕೇಸ್‌ನ ಬಾಯಿ ಗುಂಡನ್ನು ಕಚ್ಚಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಗುಂಡು ಕೂರಿಸಿದ ಮೇಲೆ ಪೂರ್ತಿ ತೋಟಾ 2.260 ಇಂಚಿನೊಳಗೆ ಇರಬೇಕು, ಇಲ್ಲವಾದರೆ ಮ್ಯಾಗಜೀನ್‌ಗೆ ಇಳಿಯುವುದಿಲ್ಲ.

ಇನ್ನು ಪ್ರೈಮರ್. ಎಆರ್-15ರ ಫೈರಿಂಗ್ ಪಿನ್‌ಗೆ (ಪ್ರೈಮರ್‌ಗೆ ಬಡಿಯುವ ಕಡ್ಡಿ) ಹಿಂದಕ್ಕೆ ಹಿಡಿಯುವ ಸ್ಪ್ರಿಂಗ್ ಇಲ್ಲ, ಒಳಗೆ ಸಡಿಲವಾಗಿ ಓಡಾಡುತ್ತದೆ. ಕಾರ್ಖಾನೆಯ ತೋಟಾ ಒಂದನ್ನು ರೇಂಜ್‌ನಲ್ಲಿ, ನಳಿಗೆ ಗುರಿಯ ಕಡೆಗಿಟ್ಟು, ಲೋಡ್ ಮಾಡಿ ಹೊಡೆಯದೆ ಹೊರಗೆ ತೆಗೆದು ನೋಡಿ. ಪ್ರೈಮರ್ ನಡುವೆ ಸೂಜಿಮೊನೆಯಷ್ಟು ಚಿಕ್ಕ ಗುಳಿ ಕಾಣುತ್ತದೆ. ಟ್ರಿಗರ್ ಮುಟ್ಟಿಲ್ಲ, ಬೋಲ್ಟ್ ಮುಚ್ಚಿದ ರಭಸಕ್ಕೇ ಪಿನ್ ಬಂದು ತಾಗಿದೆ. ಈಗ ಪ್ರೈಮರ್ ಕೂದಲಷ್ಟು ಹೊರಗೆ ಚಾಚಿಕೊಂಡಿದ್ದರೆ? ಟ್ರಿಗರ್ ಎಳೆಯದೆ ಸಿಡಿಯಬಹುದು. ಅದಕ್ಕೇ ಪ್ರೈಮರ್ ಕೇಸ್‌ನ ತಳದ ಮಟ್ಟಕ್ಕಿಂತ ಸ್ವಲ್ಪ ಒಳಗೇ ಕೂರಬೇಕು. ಕಣ್ಣಿಗೆ ನಂಬಬೇಡಿ, ಪ್ರತಿಯೊಂದರ ಮೇಲೂ ಬೆರಳು ಸವರಿ ನೋಡಿ.

ಭಾವನ ಬಕೆಟ್‌ನಲ್ಲಿ ಮಿಲಿಟರಿ ಕೇಸ್‌ಗಳು ಬೆರೆತಿದ್ದರೆ ಅವುಗಳ ಪ್ರೈಮರ್ ಗೂಡಿನ ಅಂಚು ಒತ್ತಿರುತ್ತದೆ. ಆ ಒತ್ತನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಬಾಯಿಯಿಂದ ಒಳಗೆ ಬೆಳಕು ಬಿಟ್ಟು ನೋಡಿ, ತಳದಲ್ಲಿ ಒಂದರ ಬದಲು ಎರಡು ತೂತು ಕಂಡರೆ ಅದು ಬರ್ಡನ್ ಕೇಸ್, ಗುಜರಿಗೆ ಹಾಕಿ.

ಮದ್ದಿನ ಬಗ್ಗೆ ಇಷ್ಟೇ: ಮದ್ದಿನ ಕಂಪನಿ ಅಥವಾ ಗುಂಡಿನ ಕಂಪನಿ ಅಚ್ಚು ಹಾಕಿಸಿದ ಮ್ಯಾನುಯಲ್ ಬಿಟ್ಟು ಬೇರೆ ಯಾರ ಅಳತೆಯೂ ಬೇಡ, ನನ್ನದೂ ಬೇಡ. ಅದರಲ್ಲಿ ಕೊಟ್ಟ ಕನಿಷ್ಠದಿಂದ ಶುರು ಮಾಡಿ. ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ಮತ್ತೆ, ಅಲ್ಲಿನ ತೂಕ ಗ್ರೇನ್‌ನಲ್ಲಿ, ಗ್ರಾಂನಲ್ಲಿ ಅಲ್ಲ! 1 ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ತಕ್ಕಡಿಯ ಗುಂಡಿ ತಪ್ಪಾಗಿ ಒತ್ತಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಮಡಿಕೇರಿಯವರು, ಈಗ ವಿಜಯನಗರ: ಅಣ್ಣ, ನಮ್ಮ ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ ಅಲ್ವಾ? ಹಾಗಿದ್ದರೆ ನಮಗೆ ಇದೂ ನಡೆಯುತ್ತಾ?

ಉತ್ತರ: ಇಲ್ಲ ತಮ್ಮಾ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತಯಾರಿಕೆಯದು ಬೇರೆ ಸೆಕ್ಷನ್, 5ನೆಯದು. ಅಲ್ಲಿ ನೀನೂ ನಾನೂ ಒಂದೇ.

ಸಿಯಾಟಲ್‌ನಿಂದ, ಊರು ರಾಜಾಜಿನಗರ: ನಾನು ಎಚ್-1ಬಿ ಮೇಲೆ ಇದ್ದೇನೆ. ರೈಫಲ್ ಇಲ್ಲ. ಸ್ನೇಹಿತನಿಗೋಸ್ಕರ ಸುಮ್ನೆ ರೀಲೋಡ್ ಮಾಡಿಕೊಡಬಹುದಾ?

ಉತ್ತರ: ಕೈ ಹಾಕಬೇಡಿ. ಎಚ್-1ಬಿ, ವಿಸಿಟರ್ ವೀಸಾ, ಇವೆಲ್ಲ ನಾನ್-ಇಮಿಗ್ರೆಂಟ್, ಅಂದರೆ ತಾತ್ಕಾಲಿಕ ವಾಸದ, ವೀಸಾ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಈ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಆ ಕಾನೂನಿನಲ್ಲಿ ಖಾಲಿ ಕೇಸ್, ಪ್ರೈಮರ್, ಗುಂಡು, ಮದ್ದು, ಒಂದೊಂದೂ ತೋಟಾ ಅಂತಲೇ ಲೆಕ್ಕ. ನಮ್ಮವರಿಗೆ ಇದು ಗೊತ್ತೇ ಇರುವುದಿಲ್ಲ. ವಿನಾಯಿತಿ ನಿಮಗೆ ಸಲ್ಲುತ್ತದೆ ಅನ್ನಿಸಿದರೆ ಮೊದಲು ವಕೀಲರನ್ನು ಕೇಳಿ.

ಜಯನಗರ: ತುಂಬಾ ಥ್ಯಾಂಕ್ಸ್ ಸರ್. ಪ್ರೆಸ್ ವಿಚಾರ ಕೈಬಿಟ್ಟೆ. ಜನವರಿವರೆಗೆ ಇಲ್ಲಿ ಏನೂ ಮಾಡುವ ಹಾಗೇ ಇಲ್ವಾ?

ಉತ್ತರ: ಇದೆ. ಎಸ್‌ಜೆಪಿ ರೋಡ್‌ಗೆ ಹೋಗಿ ಒಂದು ಒಳ್ಳೆ ಡಿಜಿಟಲ್ ಕ್ಯಾಲಿಪರ್ ತನ್ನಿ. ಮನೆಯಲ್ಲಿರುವ ಪೆನ್ನು, ಬೋಲ್ಟು, ಬ್ಯಾಟರಿ ಸೆಲ್ಲು ಅಳೆಯುತ್ತಾ ಕೂತುಕೊಳ್ಳಿ. ಒಂದೇ ವಸ್ತುವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ಅಂಕಿ ಬರಬೇಕು, ಅಲ್ಲಿಯವರೆಗೆ ಬಿಡಬೇಡಿ. ಇಂಚಿನಲ್ಲೂ ತೋರಿಸುವುದನ್ನೇ ಕೇಳಿ ತೆಗೆದುಕೊಳ್ಳಿ. ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಹೋಗಬಹುದು, ಅದಕ್ಕೆ ಯಾರೂ ಏನೂ ಕೇಳುವುದಿಲ್ಲ. ಆದರೆ ವಾಪಸ್ ಬರುವಾಗ ಬ್ಯಾಗ್ ಪೂರ್ತಿ ಬೋರಲು ಹಾಕಿ ಕೊಡವಿ ನೋಡಿ. ರೇಂಜ್‌ಗೆ ಒಯ್ದ ಬ್ಯಾಗ್‌ನ ಮೂಲೆಯಲ್ಲಿ ಖಾಲಿ ಕೇಸ್ ಒಂದು ಉಳಿದಿರುತ್ತದೆ, ಅದು ದೇವನಹಳ್ಳಿಯ ಸ್ಕ್ಯಾನರ್‌ನಲ್ಲಿ ಕಾಣುವುದು ಬೇಡ.